ಹಳೆ ಚೈನ್‌ಸಾಗೆ 16:1 ಆಯಿಲ್ ಬೇಕೇ ಬೇಕಾ?

‘1960ರ ಕಾಲದ ಚೈನ್‌ಸಾಗೆ 16:1 ಮಿಕ್ಸ್ (16 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್) ಹಾಕಲೇಬೇಕು, ಇಲ್ಲದಿದ್ದರೆ ಎಂಜಿನ್ ಸೀಜ್ ಆಗುತ್ತದೆ (ಒಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ)’ ಎಂಬ ಮಾತು ಓಡಾಡುತ್ತಿದೆ. ಇದು ಅರ್ಧ ಸತ್ಯ.

ಆಗಿನ ಎಷ್ಟೋ ಕೈಪಿಡಿಗಳಲ್ಲಿ 16:1 ಅಂತಲೇ ಇದೆ, ನಿಜ. ಆದರೆ ಅದು ಆಗ ಸಿಗುತ್ತಿದ್ದ ಎಸ್‌ಎಇ 30 ಎಂಬ ಗ್ರೇಡಿನ ಸಾಮಾನ್ಯ ಮೋಟಾರ್ ಆಯಿಲ್‌ಗೆ ಹೇಳಿದ ಲೆಕ್ಕ. ಈಗಿನ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್‌ಗೆ (ಪೆಟ್ರೋಲ್‌ಗೆ ಬೆರೆಸಲೆಂದೇ ಮಾಡಿದ ಆಯಿಲ್) ಸಾಮಾನ್ಯವಾಗಿ 32:1 ಸಾಕು. ಅಂದರೆ ಒಂದು ಲೀಟರ್ ಪೆಟ್ರೋಲ್‌ಗೆ ಸುಮಾರು 31 ಮಿಲಿ ಆಯಿಲ್. 16:1ಕ್ಕೆ ಇದರ ಎರಡರಷ್ಟು ಬೇಕು.

ಜಾಸ್ತಿ ಹಾಕಿದರೆ ಒಳ್ಳೆಯದೇ ಅಲ್ವಾ? ಅಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ತುದಿ ಕಪ್ಪಗೆ ಒದ್ದೆಯಾಗಿರುತ್ತದೆ. ಸೈಲೆನ್ಸರ್ ತೆಗೆದರೆ ಹೊಗೆ ಹೋಗುವ ಕಿಂಡಿಯಲ್ಲಿ ಗಟ್ಟಿ ಮಸಿ ಕಟ್ಟಿರುತ್ತದೆ. ಅದನ್ನು ಕಬ್ಬಿಣದಿಂದ ಕೆರೆಯಬೇಡಿ. ಪಿಸ್ಟನ್‌ನಿಂದ ಕಿಂಡಿ ಮುಚ್ಚಿಕೊಂಡು ಮರದ ಕಡ್ಡಿಯಿಂದ ಮೆಲ್ಲಗೆ ಬಿಡಿಸಿ.

ಸರಿಯಾದ ಮಿಕ್ಸ್ ಹಾಕಿದರೂ ಹಳೆ ಮಷೀನ್ ಸೀಜ್ ಆದರೆ ಮೊದಲು ಎಂಜಿನ್ ಒಳಗೆ ಗಾಳಿ ಎಲ್ಲಿ ಸೋರುತ್ತಿದೆ, ಪೆಟ್ರೋಲ್ ಸರಿಯಾಗಿ ಬರುತ್ತಿದೆಯಾ ನೋಡಿ. ಬಿರುಕು ಬಿಟ್ಟ ಪೆಟ್ರೋಲ್ ಪೈಪ್, ಒಣಗಿದ ಕ್ರ್ಯಾಂಕ್ ಸೀಲ್ (ಎಂಜಿನ್ ಶಾಫ್ಟ್ ಸುತ್ತಲಿನ ರಬ್ಬರ್ ಬಳೆ), ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಒಳಗೆ ಬಿರುಸಾದ ಡಯಾಫ್ರಂ (ತೆಳು ಪೊರೆ), ಇವುಗಳಿಂದ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆ ರಬ್ಬರನ್ನು ಬೇಗ ಹಾಳು ಮಾಡುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ.

ಆಯಿಲ್ ಪ್ರಮಾಣ ಬದಲಿಸಿದ ಮೇಲೆ ಕಾರ್ಬೊರೇಟರನ್ನೂ ಮತ್ತೆ ಟ್ಯೂನ್ ಮಾಡಬೇಕು. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.