ತಡ್ಕೊಂಡಳು ಅಂತ ಹೊಗಳೋ ಮೊದಲು ಗುದ್ರಿದುರ್ ಕಥೆ ಕೇಳಿ

ಹೆಣ್ಣು ಅಂದ್ರೆ ಕ್ಷಮಯಾ ಧರಿತ್ರಿ, ಎಷ್ಟೇ ಕಷ್ಟ ಬಂದ್ರೂ ತಡ್ಕೋತಾಳೆ, ಸಂಸಾರ ತೂಗಿಸ್ಕೊಂಡು ಹೋಗ್ತಾಳೆ ಅಂತ ಯಾರಾದ್ರೂ ಬರೆದು ಕೆಳಗೆ ನೂರಾರು ಜನ ಕೈ ಮುಗಿಯೋ ಇಮೋಜಿ ಹಾಕಿರೋದು ನೋಡಿದಾಗೆಲ್ಲ ನನಗೆ ಗುದ್ರಿದುರ್ ನೆನಪಾಗ್ತಾಳೆ. ಗುದ್ರಿದುರ್ ಸೀಮೊನಾರ್‌ದೊತ್ತಿರ್. 1598ರಲ್ಲಿ ಹುಟ್ಟಿದವಳು, ಐಸ್‌ಲ್ಯಾಂಡಿನ ದಕ್ಷಿಣ ತೀರದಾಚೆ ಇರೋ ವೆಸ್ಟ್‌ಮನ್ ದ್ವೀಪಗಳವಳು. ತಡ್ಕೊಳ್ಳೋದನ್ನ ಅವಳಷ್ಟು ಮಾಡಿದವರು ಕಡಿಮೆ, ಆದ್ರೆ ಅವಳ ಕಥೆ ಓದ್ತಾ ಹೋದಷ್ಟೂ ನನಗೆ ಕೋಪ ಬರೋದು ಬೇರೆಯವರ ಮೇಲೆ. ಅವಳು ತಡ್ಕೋಬೇಕಾಗಿ ಬಂದಿದ್ದು ಯಾರಿಂದ, ಯಾರು ಸಹಾಯ ಮಾಡಬಹುದಿತ್ತು, ಮಾಡಲಿಲ್ಲ ಅನ್ನೋದನ್ನ ಯಾರೂ ಕೇಳಲ್ಲ, ಹೊಗಳಿ ಮುಗಿಸಿಬಿಡ್ತಾರೆ.

ಆ ದ್ವೀಪಗಳಲ್ಲಿ ಜನ ಇರೋದು ಹೇಮಾಯೇ ಅನ್ನೋ ಒಂದರಲ್ಲೇ. ಸುಮಾರು 13 ಚದರ ಕಿಲೋಮೀಟರ್, ಅಷ್ಟೇ. ಹರಿಯೋ ಹೊಳೆ ಇಲ್ಲ, ಸೂರಿನ ಮೇಲೆ ಬಿದ್ದ ಮಳೆನೀರನ್ನ ಹಿಡಿದಿಟ್ಕೊಂಡು ಕುಡೀಬೇಕಿತ್ತು, ಮುಖ್ಯ ಭೂಮಿಯಿಂದ ಸಮುದ್ರದ ಅಡೀಲಿ ಪೈಪ್ ಹಾಕಿ ನೀರು ತಂದಿದ್ದು 1968ರಲ್ಲಿ ಅಂದ್ರೆ ಯೋಚನೆ ಮಾಡಿ. ಗಂಡಸರು ತೆರೆದ ದೋಣೀಲಿ ಮೀನಿಗೆ ಹೋಗೋರು, ಕಡಿದಾದ ಬಂಡೆಗಳಲ್ಲಿ ಹಗ್ಗ ಕಟ್ಕೊಂಡು ಇಳಿದು ಕಡಲ ಹಕ್ಕಿ, ಮೊಟ್ಟೆ ತರೋರು. ಹೋದೋರು ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಇರ್ತಿರಲಿಲ್ಲ. ಗುದ್ರಿದುರ್ ಅಲ್ಲಿ ಏಯೋಲ್ವುರ್ ಅನ್ನೋ ಮೀನುಗಾರನ ಹೆಂಡತಿ, ಸೋಲ್ಮುಂದುರ್ ಅಂತ ಒಬ್ಬ ಪುಟ್ಟ ಮಗ.

1627ರ ಜುಲೈನಲ್ಲಿ ಮೂರು ಹಡಗು ಬಂದವು. ಉತ್ತರ ಆಫ್ರಿಕಾದ ಅಲ್ಜೀರ್ಸ್‌ನಿಂದ ಬಂದ ಕಡಲ್ಗಳ್ಳರು, ಅವರಲ್ಲಿ ಯುರೋಪಿನಿಂದ ಹೋಗಿ ಸೇರ್ಕೊಂಡವರೂ ಇದ್ರು. ಜನ ಬಂಡೆಗಳ ಸಂದಿ, ಗುಹೆ ಅಂತ ಸಿಕ್ಕ ಸಿಕ್ಕ ಕಡೆ ಬಚ್ಚಿಟ್ಕೊಂಡ್ರು, ಆದ್ರೆ ಅಷ್ಟು ಚಿಕ್ಕ ದ್ವೀಪದಲ್ಲಿ ಓಡಿ ಹೋಗೋದಾದ್ರೂ ಎಲ್ಲಿಗೆ? ಕೈಲಾಗದವರನ್ನ ಒಂದು ಗೋಡೌನಿಗೆ ತುಂಬಿ ಬೆಂಕಿ ಹಚ್ಚಿದ್ರು. 242 ಜನರನ್ನ ಹಡಗಿಗೆ ಹತ್ತಿಸಿದ್ರು. ಗುದ್ರಿದುರ್ ಮತ್ತು ಮಗ ಅದರಲ್ಲಿದ್ರು. ಗಂಡ ಸಿಕ್ಕಿಹಾಕ್ಕೊಳ್ಳಲಿಲ್ಲ.

ಅದೇ ಹಡಗುಗಳಲ್ಲಿ ಓಲಾವುರ್ ಏಗಿಲ್ಸನ್ ಅನ್ನೋ ಪಾದ್ರಿ, ಅವನ ಹೆಂಡತಿ ಆಸ್ಟಾ, ಮಕ್ಕಳು ಕೂಡ ಇದ್ರು. ಆಸ್ಟಾ ತುಂಬು ಗರ್ಭಿಣಿ, ನಡುಸಮುದ್ರದಲ್ಲೇ ಹೆರಿಗೆ ಆಯ್ತು. ಮಗೂನ ಸುತ್ತೋಕೆ ಬಟ್ಟೆ ಇಲ್ಲ ಅಂತ ಕಡಲ್ಗಳ್ಳರಲ್ಲೇ ಇಬ್ಬರು ತಮ್ಮ ಹಳೇ ಅಂಗಿ ಕೊಟ್ರಂತೆ, ಇದನ್ನ ಆ ಪಾದ್ರಿನೇ ಆಮೇಲೆ ಬರೆದಿಟ್ಟಿದ್ದಾನೆ. ಆ ಎರಡು ಅಂಗಿ ವಿಷಯ ಓದಿದ ದಿನ ನನಗೆ ಬೇರೇನೂ ಓದೋಕಾಗಲಿಲ್ಲ.

ಅಲ್ಜೀರ್ಸ್‌ನ ಸಂತೇಲಿ ಮಾರಾಟ. ಒಬ್ಬೊಬ್ಬರು ಒಂದೊಂದು ಮನೆಗೆ. ಪಾದ್ರಿಯನ್ನ ಮಾತ್ರ ಬಿಟ್ಟು ಕಳಿಸಿದ್ರು, ನಿಮ್ಮ ರಾಜನ ಹತ್ರ ಹೋಗಿ ದುಡ್ಡು ತಗೊಂಡು ಬಾ, ಉಳಿದವರನ್ನ ಬಿಡ್ತೀವಿ ಅಂತ. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕಿನ ಕೈಕೆಳಗೆ ಇತ್ತು, ರಾಜ ನಾಲ್ಕನೇ ಕ್ರಿಶ್ಚಿಯನ್. ಅವನು ಜರ್ಮನಿ ಕಡೆ ಯುದ್ಧಕ್ಕೆ ಹೋಗಿ 1626ರಲ್ಲಿ ಸೋತು ಬೊಕ್ಕಸ ಖಾಲಿ ಮಾಡ್ಕೊಂಡು ಕೂತಿದ್ದ. ಯುದ್ಧಕ್ಕೆ ಇದ್ದ ದುಡ್ಡು ಈ ಜನರನ್ನ ಬಿಡಿಸೋಕೆ ಇರಲಿಲ್ಲ. ಚಂದಾ ಎತ್ತಿ, ಅಷ್ಟಷ್ಟೇ ಕೂಡಿಸಿ ಬಿಡುಗಡೆ ಅಂತ ಆಗೋ ಹೊತ್ತಿಗೆ 1636. ಒಂಬತ್ತು ವರ್ಷ! ಬಿಡಿಸಿದ್ದು ಸುಮಾರು 35 ಜನರನ್ನ. ಉಳಿದವರಲ್ಲಿ ತುಂಬಾ ಜನ ಅಷ್ಟರಲ್ಲಿ ಸತ್ತೇ ಹೋಗಿದ್ರು.

ಗುದ್ರಿದುರ್ ಆ 35ರಲ್ಲಿ ಒಬ್ಬಳು. ಅವಳು ಗಂಡನಿಗೆ ಅಲ್ಲಿಂದ ಒಂದು ಕಾಗದ ಬರೆದಿದ್ದಳು, ಅದರ ಸ್ವಲ್ಪ ಭಾಗ ಇವತ್ತಿಗೂ ಉಳಿದಿದೆ. ಮೀನುಗಾರನ ಹೆಂಡತಿ, 17ನೇ ಶತಮಾನ, ಗುಲಾಮಳಾಗಿ ಇನ್ನೊಂದು ಖಂಡದಲ್ಲಿ ಕೂತು ಮನೆಗೆ ಕಾಗದ ಬರೆಸಿ ಕಳಿಸೋಕೆ ದಾರಿ ಹುಡುಕ್ಕೊಂಡಿದ್ದಾಳೆ ಅಂದ್ರೆ ಅವಳು ಸುಮ್ನೆ ಸಹಿಸ್ಕೊಂಡು ಕೂತಿರಲಿಲ್ಲ ಅಂತ ತಾನೇ ಅರ್ಥ? ಬಿಡುಗಡೆಯಾಗಿ ಹೊರಟಾಗ ಮಗ ಜೊತೆಗೆ ಬರಲಿಲ್ಲ. ಸೋಲ್ಮುಂದುರ್ ಅಲ್ಲೇ ಉಳಿದ. ತಾಯಿ ಹಡಗು ಹತ್ತಿದಳು. ಹೆಂಗೆ ಬಿಟ್ಟು ಬಂದಳೋ ಅಂತ ಕೇಳೋರು ಆಗಲೂ ಇದ್ದಿರಬಹುದು, ಈಗಲೂ ಇರ್ತಾರೆ. ನಾನಂತೂ ಕೇಳಲ್ಲ.

ಕೋಪನ್‌ಹೇಗನ್‌ಗೆ ಬಂದ ಮೇಲೂ ಸೀದಾ ಊರಿಗೆ ಬಿಡಲಿಲ್ಲ. ಇಷ್ಟು ವರ್ಷ ಮುಸ್ಲಿಮರ ನಾಡಲ್ಲಿ ಇದ್ರಲ್ಲ, ಧರ್ಮ ಮರೆತಿರ್ತೀರಿ, ಮತ್ತೆ ಪಾಠ ಹೇಳಿಸ್ಕೊಂಡು ಹೋಗಿ ಅಂದ್ರು. ಪಾಠ ಹೇಳೋಕೆ ಸಿಕ್ಕಿದವನು ಹಾಲ್‌ಗ್ರೀಮುರ್ ಪೆಟುರ್ಸನ್ ಅನ್ನೋ ಐಸ್‌ಲ್ಯಾಂಡಿನ ಹುಡುಗ, 22 ವರ್ಷ. ಅವಳಿಗೆ 38. ಇಬ್ಬರಿಗೂ ಪ್ರೀತಿ ಆಯ್ತು, ಅವಳು ಬಸುರಿ ಆದಳು, ಅವನು ಓದು ಅರ್ಧಕ್ಕೆ ಬಿಟ್ಟು ಅವಳ ಜೊತೆ 1637ರಲ್ಲಿ ಐಸ್‌ಲ್ಯಾಂಡಿಗೆ ಹೊರಟ. ಬಂದು ನೋಡಿದ್ರೆ ಗಂಡ ಏಯೋಲ್ವುರ್ ಅದರ ಹಿಂದಿನ ವರ್ಷ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾನೆ.

ಇಲ್ಲಿ ಕಾನೂನಿನ ಲೆಕ್ಕಾಚಾರ ನೋಡಿ. ಗಂಡ ಬದುಕಿದ್ದಿದ್ರೆ ಅವಳದ್ದು ವ್ಯಭಿಚಾರ, ದೊಡ್ಡ ಶಿಕ್ಷೆ. ಗಂಡ ಸತ್ತಿದ್ದಕ್ಕೆ ಅಪರಾಧ ಸಣ್ಣದಾಯ್ತು, ದಂಡ ಕಟ್ಟಿ ಮದುವೆ ಮಾಡ್ಕೊಳ್ಳೋಕೆ ಬಿಟ್ರು. ಒಂಬತ್ತು ವರ್ಷ ಅವಳನ್ನ ಬಿಡಿಸೋಕಾಗದ ರಾಜ್ಯಕ್ಕೆ ಅವಳು ಬಂದ ಕೂಡಲೇ ದಂಡ ವಸೂಲಿ ಮಾಡೋಕೆ ಮಾತ್ರ ಸಮಯ ಇತ್ತು. ಹುಟ್ಟಿದ ಮಗನಿಗೆ ಇಟ್ಟ ಹೆಸರು ಏಯೋಲ್ವುರ್. ಹೌದು, ಆ ಮುಳುಗಿ ಹೋದ ಗಂಡನ ಹೆಸರೇ. ಎರಡನೇ ಗಂಡನೂ ಅದಕ್ಕೆ ಒಪ್ಪಿದ್ದಾನೆ. ಈ ಒಂದು ವಿಷಯಕ್ಕೆ ನನಗೆ ಹಾಲ್‌ಗ್ರೀಮುರ್ ಮೇಲೆ ತುಂಬಾ ಗೌರವ.

ಬಡತನ ಅಂದ್ರೆ ಬಡತನ. ಅವನು ಕೆಫ್ಲಾವಿಕ್ ಕಡೆ ಡೇನಿಶ್ ವ್ಯಾಪಾರಿಗಳ ಹತ್ರ ಕೂಲಿ ಮಾಡ್ದ. 1644ರಲ್ಲಿ ಹ್ವಾಲ್ಸ್‌ನೆಸ್ ಅನ್ನೋ ಗಾಳಿ ಬಡಿಯೋ ಕಡಲಂಚಿನ ಊರಿಗೆ ಪಾದ್ರಿ ಆದ. ಅಲ್ಲಿ 1649ರಲ್ಲಿ ಮಗಳು ಸ್ಟೇನುನ್ ತೀರಿಕೊಂಡಳು, ಇನ್ನೂ ಎಳೇ ಮಗು. ಅಪ್ಪ ತನ್ನ ಕೈಯಾರೆ ಕಲ್ಲಿನ ಮೇಲೆ ಅವಳ ಹೆಸರು ಕೆತ್ತಿದ. ಆ ಕಲ್ಲು ಎಲ್ಲೋ ಕಳೆದುಹೋಗಿ 1964ರಲ್ಲಿ ಸಿಕ್ತು, ಈಗ ಅಲ್ಲಿನ ಚರ್ಚಿನೊಳಗೆ ಇದೆ. ಅಪ್ಪ ಮಗಳಿಗೆ ಬರೆದ ಶೋಕಗೀತೆಗಳೂ ಉಳಿದಿವೆ, ಓದಿದವರು ಅಳ್ತಾರೆ. ಒಬ್ಬ ಮಗನನ್ನ ಅಲ್ಜೀರ್ಸ್‌ನಲ್ಲಿ ಬಿಟ್ಟು, ಐವತ್ತು ದಾಟಿದ ವಯಸ್ಸಲ್ಲಿ ಈ ಮಗಳನ್ನ ಮಣ್ಣು ಮಾಡಿದ ತಾಯಿ ಏನಂದಳು ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಹಾಲ್‌ಗ್ರೀಮುರ್ ಆಮೇಲೆ ದೊಡ್ಡ ಕವಿ ಆದ. ಏಸುವಿನ ಯಾತನೆ ಬಗ್ಗೆ 50 ಗೀತೆ ಬರೆದ, 1666ರಲ್ಲಿ ಅಚ್ಚಾಯ್ತು, ಇವತ್ತಿಗೂ ಈಸ್ಟರ್ ಮುಂಚಿನ ವಾರಗಳಲ್ಲಿ ಐಸ್‌ಲ್ಯಾಂಡ್ ರೇಡಿಯೋದಲ್ಲಿ ಓದ್ತಾರೆ. ರೇಕ್ಯಾವಿಕ್‌ಗೆ ಹೋದ ನಮ್ಮವರೆಲ್ಲ ಮುಂದೆ ನಿಂತು ಫೋಟೋ ಹಾಕೋ ಆ 74 ಮೀಟರ್ ಎತ್ತರದ ಚರ್ಚ್, ಹಾಲ್‌ಗ್ರಿಮ್ಸ್‌ಕಿರ್ಕ್ಯಾ, ಅದು ಇವನ ಹೆಸರಿಂದು. ಅವನಿಗೆ ಕುಷ್ಠ ಬಂತು, ವರ್ಷಗಟ್ಟಲೆ ನರಳಿ 1674ರಲ್ಲಿ ಹೋದ. ಅಂಥಾ ರೋಗ ಬಂದ ಗಂಡನ ಜೊತೆ ಕೊನೇತನಕ ಇದ್ದವಳು ಅವನಿಗಿಂತ 16 ವರ್ಷ ದೊಡ್ಡವಳು, ಆಗ ಎಪ್ಪತ್ತು ದಾಟಿದ್ದಳು.

ಅವಳಿಗೆ ಸಿಕ್ಕ ಬಿರುದು ಏನು ಗೊತ್ತಾ? ತುರ್ಕರ ಗುದ್ದಾ. ಆ ಕಡಲ್ಗಳ್ಳರನ್ನ ಐಸ್‌ಲ್ಯಾಂಡಿನವರು ತುರ್ಕರು ಅಂತಿದ್ರು, ಗುದ್ದಾ ಅಂದ್ರೆ ಗುದ್ರಿದುರ್. ಊರವರು ಹಂಗೇ ಕರೆದ್ರು, ಶತಮಾನಗಟ್ಟಲೆ. ಅವಳು ಕದ್ದು ಮುಚ್ಚಿ ವಿಗ್ರಹ ಪೂಜೆ ಮಾಡ್ತಿದ್ದಳು ಅಂತ ಕಥೆ ಕಟ್ಟಿದ್ರು. ಇಸ್ಲಾಮಿನಲ್ಲಿ ವಿಗ್ರಹ ಪೂಜೆನೇ ಇಲ್ಲ ಅನ್ನೋ ಕನಿಷ್ಠ ತಿಳುವಳಿಕೆ ಕೂಡ ಆ ಕಥೆ ಕಟ್ಟಿದವರಿಗೆ ಬೇಕಾಗಿರಲಿಲ್ಲ. ಹೆಂಗಸೊಬ್ಬಳು ಹೊರಗೆ ಹೋಗಿ ಬಂದಿದ್ದಾಳೆ, ಬೇರೆಯವರ ಮನೇಲಿ ಇದ್ದು ಬಂದಿದ್ದಾಳೆ, ಅಷ್ಟು ಸಾಕು, ಅಲ್ವಾ? ನನ್ನ ಪ್ರಕಾರ ಅವಳ ಬದುಕಲ್ಲಿ ಅತಿ ಕಷ್ಟದ ಭಾಗ ಅಲ್ಜೀರ್ಸ್ ಅಲ್ಲ, ವಾಪಸ್ ಬಂದ ಮೇಲಿನ 45 ವರ್ಷ. ಅಲ್ಲಿ ಅವಳು ಕೊಂಡು ತಂದ ಆಳು ಅಂತ ಎಲ್ಲರಿಗೂ ಗೊತ್ತಿತ್ತು, ಇಲ್ಲಿ ತನ್ನವರ ಮಧ್ಯೆ ಇದ್ದು ದಿನಾ ತಾನು ಕೆಟ್ಟವಳಲ್ಲ ಅಂತ ತೋರಿಸ್ಕೊಂಡೇ ಬದುಕಬೇಕಾಯ್ತು.

ಅವಳ ದ್ವೀಪದ್ದೇ ಇನ್ನೊಂದು ವಿಷಯ ಹೇಳ್ಬೇಕು. 19ನೇ ಶತಮಾನದಲ್ಲಿ ಹೇಮಾಯೇಯಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲವೇ ದಿನಕ್ಕೆ ಸಾಯ್ತಿದ್ವು. ಹೊಕ್ಕುಳಿಂದ ಧನುರ್ವಾಯು. ಹೆರೋದು, ಒಂದೆರಡು ವಾರದೊಳಗೆ ಹೂಳೋದು, ಮತ್ತೆ ಬಸುರಿ. ಎಷ್ಟೋ ತಲೆಮಾರು ಇದನ್ನ ದೇವರ ಇಚ್ಛೆ ಅಂದ್ಕೊಂಡೇ ಬದುಕಿದ್ರು, ಆ ತಾಯಂದಿರನ್ನೂ ಗಟ್ಟಿಗಿತ್ತಿಯರು ಅಂತ ಹೊಗಳಿರಬಹುದು ಬಿಡಿ. 1847ರಲ್ಲಿ ಶ್ಲೈಸ್ನರ್ ಅನ್ನೋ ಡೇನಿಶ್ ಡಾಕ್ಟರ್ ಬಂದ, ಹೆರಿಗೆಗೆ ಅಂತ ಒಂದು ಮನೆ ಮಾಡಿಸ್ದ, ಹೊಕ್ಕುಳ ಆರೈಕೆ ಸರಿಯಾಗಿ ಮಾಡಿಸ್ದ, ಕೋಪನ್‌ಹೇಗನ್‌ನಲ್ಲಿ ಕಲಿತ ಸೋಲ್‌ವೇಗ್ ಪಾಲ್ಸ್‌ದೊತ್ತಿರ್ ಅನ್ನೋ ಸೂಲಗಿತ್ತಿ ಅಲ್ಲಿ ಕೆಲಸ ಮಾಡಿದಳು. ಸ್ವಲ್ಪ ಕಾಲದಲ್ಲೇ ಸಾವು ಹಿಂದೆಂದೂ ಇಲ್ಲದಷ್ಟು ಇಳೀತು. ತಾಯಂದಿರ ಸಹನೆ ನೂರಾರು ವರ್ಷ ಇತ್ತು, ಅದರಿಂದ ಒಂದು ಮಗುನೂ ಉಳೀಲಿಲ್ಲ. ಒಂದು ಮನೆ, ಕಲಿತ ಸೂಲಗಿತ್ತಿ, ಕ್ಲೀನಾಗಿರೋ ಬಟ್ಟೆ, ಇಷ್ಟರಿಂದ ಉಳಿದ್ವು. ಲ್ಯಾಂಡ್‌ಲಿಸ್ಟ್ ಅನ್ನೋ ಆ ಹೆರಿಗೆ ಮನೆ ಈಗ ಮ್ಯೂಸಿಯಂ.

1973ರ ಜನವರಿ 23ರ ರಾತ್ರಿ ಊರಿನ ಪಕ್ಕದಲ್ಲೇ ನೆಲ ಸೀಳಿ ಜ್ವಾಲಾಮುಖಿ ಎದ್ದಾಗಲೂ ಹಂಗೇ. ಹಿಂದಿನ ದಿನದ ಬಿರುಗಾಳಿಗೆ ಮೀನಿನ ದೋಣಿಗಳೆಲ್ಲ ಬಂದರಲ್ಲೇ ನಿಂತಿದ್ದವು, ಸುಮಾರು 5,300 ಜನ ಬೆಳಗಾಗೋದರೊಳಗೆ ಆಚೆ ದಡ ಸೇರಿದ್ರು. ನಿದ್ದೆಗಣ್ಣಿನ ಮಕ್ಕಳನ್ನ ಎತ್ಕೊಂಡು ದೋಣಿ ಹತ್ತಿದ ತಾಯಂದಿರಿಗೆ ಆಚೆ ಕಡೆ ಬಸ್ಸು, ಬಿಸಿ ಊಟ, ಹಾಸಿಗೆ ಕಾಯ್ತಾ ಇತ್ತು, ಅಪರಿಚಿತರು ಮನೆ ಬಾಗಿಲು ತೆರೆದ್ರು. ಸುಮಾರು 400 ಮನೆ ಲಾವಾ, ಬೂದಿಗೆ ಹೋದ್ರೂ ಬಹುಪಾಲು ಜನ ವಾಪಸ್ ಬಂದು ಊರು ಕಟ್ಟಿದ್ರು. ವಾಪಸ್ ಬಂದವರನ್ನ ಹೆಂಗೆ ನಡೆಸ್ಕೋಬೇಕು ಅಂತ ಆ ದೇಶ ಅಷ್ಟರಲ್ಲಿ ಕಲ್ತಿತ್ತು. ಗುದ್ರಿದುರ್‌ಗೆ ಅದರಲ್ಲಿ ಕಾಲುಭಾಗ ಸಿಕ್ಕಿದ್ರೂ ಎಷ್ಟು ಬೇರೆ ಥರ ಇರ್ತಿತ್ತು ಬದುಕು.

ಅವಳು 1682ರ ಡಿಸೆಂಬರಲ್ಲಿ ತೀರಿಕೊಂಡಳು, 84 ವರ್ಷ. ಈಗ ಹೇಮಾಯೇಯಲ್ಲಿ ಅವಳದ್ದೊಂದು ಪ್ರತಿಮೆ ಇದೆ, ಸಂತೋಷ.

ಕೊನೆಗೆ ಇನ್ನೊಂದು ಮಾತು, ಇದನ್ನ ಹೇಳದಿದ್ರೆ ನನಗೆ ಸಮಾಧಾನ ಆಗಲ್ಲ. ವಾಪಸ್ ಬಾರದ ಹೆಂಗಸರೂ ಇದ್ರು. ಅಲ್ಲೇ ಮದುವೆ ಆದ್ರು, ಧರ್ಮ ಬದಲಾಯಿಸ್ಕೊಂಡ್ರು, ಹೊಸ ಭಾಷೇಲಿ ಮಕ್ಕಳಿಗೆ ಲಾಲಿ ಹಾಡಿದ್ರು. ಅನ್ನಾ ಅನ್ನೋ ಹುಡುಗಿ ಅಲ್ಲಿನ ಶ್ರೀಮಂತನೊಬ್ಬನನ್ನ ಮದುವೆ ಆಗಿ, ಅಪ್ಪನನ್ನ ಗುಲಾಮಗಿರಿಯಿಂದ ಬಿಡಿಸಿ ಊರಿಗೆ ಕಳಿಸಿದಳು, ತಾನು ಮಾತ್ರ ಅಲ್ಲೇ ಉಳಿದಳು. ರಾಜ ಒಂಬತ್ತು ವರ್ಷ ತಗೊಂಡ ಕೆಲಸ ಅದು. ಅವಳಿಗೆ ಯಾರೂ ಗಟ್ಟಿಗಿತ್ತಿ ಅಂತ ಪೋಸ್ಟ್ ಹಾಕಲ್ಲ, ಯಾಕಂದ್ರೆ ಅವಳು ನಮಗೆ ಬೇಕಾದ ಥರ ತವರಿಗೆ ಮರಳಿ ಬರಲಿಲ್ಲ, ಧರ್ಮ ಉಳಿಸ್ಕೊಳ್ಳಲಿಲ್ಲ. ನಾನು ಹಾಕ್ತೀನಿ.