ಗಂಟಲಲ್ಲಿ ಕಫ ಇಲ್ಲ ಮಾರಾಯ್ರೆ!

ಈಗಷ್ಟೇ ಚಿಕ್ಕಮಗಳೂರಿನ ಒಂದು ಮೆಡಿಕಲ್ ಶಾಪಲ್ಲಿ ಕಂಡಿದ್ದು. "ಎರಡು ತಿಂಗಳಿಂದ ಗಂಟಲಲ್ಲಿ ಕಫ ಕಟ್ಟಿದೆ" ಅಂದವರ ಕೈಗೆ ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ 3 ಮಾತ್ರೆ, ಒಂದು ಸಿರಪ್. ಚೀಟಿ ಇಲ್ಲ. ಮೂಗು ಕಟ್ಟುತ್ತಾ, ಹುಳಿತೇಗು ಬರುತ್ತಾ, ಬಿಪಿಗೆ ಯಾವ ಮಾತ್ರೆ, ಊಹ್ಞೂಂ, ಒಂದು ಪ್ರಶ್ನೆಯೂ ಇಲ್ಲ. ಕೊಟ್ಟವರೂ ಖುಷಿ, ತಗೊಂಡವರೂ ಖುಷಿ.

ತಿಂಗಳುಗಟ್ಟಲೆ ಎಳೆಯೋ ಈ 'ಕಫ'ದಲ್ಲಿ ಹೆಚ್ಚಿನ ಸಲ ತಪ್ಪು ಗಂಟಲದ್ದೇ ಅಲ್ಲ. ಮೇಲಿನ ಮೂಗಿನದು, ಇಲ್ಲಾ ಕೆಳಗಿನ ಹೊಟ್ಟೆಯದು.

ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗಿನ ಹಿಂದಿನಿಂದ ಏನೋ ಇಳಿದ ಹಾಗೆ ಆದರೆ ಅದು ಅಲರ್ಜಿ ಇರಬಹುದು. ಮಳೆಗಾಲದಲ್ಲಿ ಗೋಡೆಗೆ ಹಿಡಿಯೋ ಬೂಷ್ಟು, ಮೂರು ತಿಂಗಳು ಬಿಸಿಲು ಕಾಣದ ಹಾಸಿಗೆಯ ಧೂಳುಹುಳ, ಇಷ್ಟು ಸಾಕು ನಮ್ಮ ಕಡೆ. ಇದಕ್ಕೆ ಆಂಟಿಬಯೋಟಿಕ್ ಏನು ಕಿಸಿಯುತ್ತೆ? ಮೂಗು ತೊಳೆಯೋಕೆ ಕುದಿಸಿ ಆರಿಸಿದ ನೀರು 250 ಮಿ.ಲೀ., ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. ಕುದಿಸದ ಬಾವಿ ನೀರು, ನಲ್ಲಿ ನೀರು ಬೇಡವೇ ಬೇಡ. ಅಪರೂಪಕ್ಕಾದರೂ ಅಮೀಬಾ ಮೂಗಿನ ದಾರೀಲೇ ಮಿದುಳಿಗೆ ಹೋಗುತ್ತೆ. ಡಾಕ್ಟರು ಸ್ಟೆರಾಯ್ಡ್ ಸ್ಪ್ರೇ ಬರೆದಿದ್ದರೆ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ಕಿವಿಯ ಕಡೆಗಿರಲಿ, ನಡುವಿನ ಗೋಡೆಗೆ ಹೊಡೆದರೆ ರಕ್ತ ಬರುತ್ತೆ. ಎರಡು ವಾರ ಕಾಯಿರಿ. ಎರಡೇ ದಿನಕ್ಕೆ ಅದನ್ನ ಎಸೆದು, ತಕ್ಷಣ ಮೂಗು ಬಿಡಿಸೋ ಕ್ಸೈಲೋಮೆಟಜೋಲಿನ್ ಹನಿಗೆ ಅಂಟಿಕೊಳ್ಳುವವರೇ ಜಾಸ್ತಿ. ಐದು ದಿನ ದಾಟಿಸಿದರೆ ಹನಿ ನಿಲ್ಲಿಸಿದಾಗೆಲ್ಲ ಮೂಗು ಇನ್ನೂ ಗಟ್ಟಿ ಕಟ್ಟುತ್ತೆ.

ಹೊಟ್ಟೆ ಇನ್ನೂ ಕಳ್ಳ. ಎದೆಯುರಿ ಇಲ್ಲದೆಯೂ ಆಮ್ಲ ಗಂಟಲ ತನಕ ಏರುತ್ತೆ. ರಾತ್ರಿ ಹತ್ತಕ್ಕೆ ಕಡುಬು, ಹಂದಿ ಸಾರು ಬಾರಿಸಿ ಹತ್ತೂವರೆಗೆ ಉರುಳಿಕೊಂಡರೆ ಏರದೆ ಏನು ಮಾಡೀತು? ಊಟಕ್ಕೂ ಹಾಸಿಗೆಗೂ 3 ಗಂಟೆ ಅಂತರ ಬೇಕು. ಮಂಚದ ತಲೆಕಡೆ ಕಾಲಿನಡಿ ಇಟ್ಟಿಗೆ ಕೊಟ್ಟು 6 ಇಂಚು ಎತ್ತರಿಸಿ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಮಡಚುತ್ತೆ ಅಷ್ಟೆ. ಡಾಕ್ಟರು ಆಮ್ಲ ತಗ್ಗಿಸೋ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದಿದ್ದರೆ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಿ. ಕಾಫಿ ಬಿಡಿ ಅಂತ ಈ ಊರಲ್ಲಿ ಕೂತು ಹೇಳೋ ಧೈರ್ಯ ನನಗಿಲ್ಲ. ರಾತ್ರಿಯ ಕೊನೇ ಲೋಟವನ್ನಾದರೂ ಬಿಡಿ.

ಎರಡಕ್ಕೂ ತುಪ್ಪ ಸುರಿಯೋದು ಕ್ಯಾಕರಿಸೋ ಚಟ. ಆ ಮನುಷ್ಯ ಅಂಗಡಿ ಮೆಟ್ಟಿಲು ಇಳಿಯೋದ್ರೊಳಗೇ ಮೂರು ಸಲ 'ಖ್ಯಾಕ್'. ಪ್ರತಿ ಸಲಕ್ಕೂ ಧ್ವನಿತಂತು ಒಂದಕ್ಕೊಂದು ಬಡಿದು ಊದುತ್ತೆ. ಊದಿದ್ದೇ ಏನೋ ಕೂತ ಹಾಗನ್ನಿಸುತ್ತೆ, ಮತ್ತೆ ಖ್ಯಾಕ್. ಬದಲಿಗೆ ಒಂದು ಗುಟುಕು ನೀರು ಕುಡಿದು ಗಟ್ಟಿಯಾಗಿ ನುಂಗಿ.

"ಹೋದ ಸಲ ಇದೇ ಮಾತ್ರೆಗೆ ವಾಸಿ ಆಯ್ತಲ್ಲ?" ಅಂತೀರಿ. ಅದು ವೈರಲ್ ನೆಗಡಿ ಸ್ವಾಮಿ, ಮಾತ್ರೆ ಇಲ್ಲದಿದ್ದರೂ ಹೋಗ್ತಿತ್ತು.

ಇನ್ನು ಬಿಪಿಯ ಎನಲಾಪ್ರಿಲ್, ರಾಮಿಪ್ರಿಲ್ ಕೆಲವರಿಗೆ ಗಂಟಲು ಕೆರೆತದ ಒಣ ಕೆಮ್ಮು ತರುತ್ತವೆ. ನೀವೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ ಬದಲಾಯಿಸಿಕೊಳ್ಳಿ. ಕೆಮ್ಮು ಎರಡು ವಾರ ದಾಟಿದರೆ ಟಿಬಿ ಇದೆಯಾ ಅಂತ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೂರು ವಾರ ಧ್ವನಿ ಒಡೆದಿದ್ದರೆ, ನುಂಗೋಕೆ ಕಷ್ಟ, ಉಗುಳಲ್ಲಿ ರಕ್ತ, ಕುತ್ತಿಗೇಲಿ ಗಂಟು ಇದ್ದರೆ, ಅದರಲ್ಲೂ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕೋರಾದರೆ, ಸಿರಪ್ ಪಕ್ಕಕ್ಕಿಟ್ಟು ಇವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.