ಸತ್ಯಾಂಶ: ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ವಾ?

‘ತೋಟದ ಶೆಡ್ಡಿಗೆ ಮನೆಯಿಂದಲೇ ವೈರ್ ಎಳೆಯಿರಿ. ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ಲ’ ಅನ್ನೋ ಫಾರ್ವರ್ಡ್ ಬೆಂಗಳೂರಿನ ನಮ್ಮ ಬಡಾವಣೆ ಗ್ರೂಪಿಗೂ ಬಂತು. ಇದು ತಪ್ಪು.

ಓವರ್‌ಲೋಡ್ ಅಥವಾ ಶಾರ್ಟ್ ಆದಾಗ ವೈರ್ ಸುಡದಿರಲಿ ಅಂತ ತಾನಾಗಿಯೇ ಆಫ್ ಆಗುವ ಸ್ವಿಚ್ಚೇ ಎಂಸಿಬಿ. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಸಾಕು. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಇಲ್ಲಿ ಬೇಕಾದದ್ದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿಕೆ ಪತ್ತೆಹಚ್ಚುವ ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರದಿದ್ದರೆ ಅದು ತಟ್ಟನೆ ಆಫ್ ಆಗುತ್ತದೆ. ಅದರ ‘ಟೆಸ್ಟ್’ ಬಟನ್ ಆಗಾಗ ಒತ್ತಿ ನೋಡಬೇಕು. ನಮ್ಮನೆಯದಕ್ಕೆ ಜೇಡರ ಬಲೆ ಕಟ್ಟಿತ್ತು ಬಿಡಿ!

ಹಾಗಂತ ಅರ್ಥಿಂಗ್ ಬಿಡೋ ಹಾಗಿಲ್ಲ. ನೆಲದಡಿ ಹೋಗುವುದು ಆರ್ಮರ್ಡ್ (ಲೋಹದ ಕವಚವಿರುವ) ಕೇಬಲ್ ಆಗಿರಲಿ. ಸೀಬೆ ಮರಕ್ಕೆ ಸುತ್ತಿದ ಎಕ್ಸ್‌ಟೆನ್ಷನ್ ವೈರನ್ನು ಮಳೆಗಾಲಕ್ಕೆ ಮುಂಚೆ ಬಿಚ್ಚಿಸಿ.